ಸಂಬಳ ಏರಿದರೂ ನೆಮ್ಮದಿ ಏಕೆ ಏರಲಿಲ್ಲ?

ಪ್ರಶ್ನೆ: ಹತ್ತು ವರ್ಷಗಳಲ್ಲಿ ನನ್ನ ಆದಾಯ ಮೂರು ಪಟ್ಟಾಗಿದೆ. ಆಗ ಕನಸಿನಲ್ಲೂ ಎಣಿಸದಿದ್ದ ಮನೆ, ವಾಹನ ಎಲ್ಲವೂ ಈಗ ಇವೆ. ಆದರೂ ರಾತ್ರಿ ಮೊಬೈಲ್ ಹಿಡಿದು ಕುಳಿತರೆ ನಾನೇ ಎಲ್ಲರಿಗಿಂತ ಹಿಂದುಳಿದವನು ಎನ್ನಿಸುತ್ತದೆ. ಹಣದಿಂದ ಸುಖ ಬರುವುದಿಲ್ಲ ಎನ್ನುವುದು ನಿಜವೇ, ಅಥವಾ ಇಲ್ಲದವರನ್ನು ಸುಮ್ಮನಿರಿಸಲು ಉಳ್ಳವರು ಹೇಳುವ ಮಾತೇ? ಈಗ ಇನ್ನೂ ಹೆಚ್ಚು ಸಂಬಳದ ಕೆಲಸವೊಂದು ಸಿಗುವಂತಿದೆ. ಆದರೆ ದಿನಕ್ಕೆ ಈಗಿನದಕ್ಕಿಂತ ಎರಡು ಗಂಟೆ ಹೆಚ್ಚು ಪ್ರಯಾಣ ಮಾಡಬೇಕು. ಒಪ್ಪಿಕೊಳ್ಳಲೇ?

ಉತ್ತರ: ನಿಮ್ಮ ಪ್ರಶ್ನೆಯ ನಡುವಿನ ಸಂದೇಹವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಬರಿಯ ಸಿಟ್ಟಿನ ಮಾತಲ್ಲ. ಹಣದಿಂದ ಸುಖ ಬರುವುದಿಲ್ಲ ಎಂಬ ಮಾತನ್ನು ಹಾಗೆಯೇ ತೆಗೆದುಕೊಂಡರೆ ಅದು ಸುಳ್ಳು. ಹಣವಿಲ್ಲದವರ ಮುಂದೆ ಹೇಳಿದರೆ ಕ್ರೂರವೂ ಹೌದು. ಔಷಧಿಯ ಚೀಟಿ ಹಿಡಿದು ನಿಂತು, ಇದರಲ್ಲಿ ಯಾವುದನ್ನು ಈಗಲೇ ಕೊಳ್ಳಬೇಕು, ಯಾವುದನ್ನು ಮುಂದಿನ ವಾರಕ್ಕೆ ಬಿಟ್ಟರೂ ನಡೆದೀತು ಎಂದು ಲೆಕ್ಕ ಹಾಕುತ್ತಿರುವ ತಾಯಿಗೆ, ಆ ಹೊತ್ತಿನಲ್ಲಿ ಹಣ ಮತ್ತು ನೆಮ್ಮದಿ ಎರಡು ಬೇರೆ ಬೇರೆ ವಸ್ತುಗಳಲ್ಲ. ಇದು ಊಹೆಯ ಮಾತೂ ಅಲ್ಲ. ಕೀನ್ಯಾದ ಹಳ್ಳಿಗಳಲ್ಲಿ ಬಡ ಕುಟುಂಬಗಳಿಗೆ ಯಾವ ಷರತ್ತೂ ಇಲ್ಲದೆ ಮೊಬೈಲ್ ಮೂಲಕ ನೇರವಾಗಿ ಹಣ ಕೊಟ್ಟು, ಅದರ ಪರಿಣಾಮವನ್ನು ಯೋಹಾನ್ನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪೀರೊ ಅಳೆದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹಣ ಪಡೆದ ಕುಟುಂಬಗಳಲ್ಲಿ ಸಂತೋಷವೂ ಜೀವನದ ಬಗೆಗಿನ ತೃಪ್ತಿಯೂ ಹೆಚ್ಚಿದವು, ಮಾನಸಿಕ ಒತ್ತಡ ಇಳಿಯಿತು. ಬಡತನದಲ್ಲಿಯೇ ಒಂದು ಬಗೆಯ ಸುಖವಿದೆ ಎಂದು ಬರೆಯುವವರು ಸಾಮಾನ್ಯವಾಗಿ ಬಡತನದಿಂದ ಸಾಕಷ್ಟು ದೂರದಲ್ಲಿ ಕುಳಿತೇ ಬರೆಯುತ್ತಾರೆ. ಆದ್ದರಿಂದ ನಿಮ್ಮ ಅನುಮಾನದಲ್ಲಿ ಹುರುಳಿದೆ.

ಆದರೆ ನೀವು ಆ ತಾಯಿಯ ಸ್ಥಿತಿಯಲ್ಲಿಲ್ಲ. ನಿಮ್ಮ ಸಮಸ್ಯೆ ಆರಂಭವಾಗುವುದು ಆ ಘಟ್ಟ ದಾಟಿದ ಮೇಲೆ. ಅಲ್ಲಿ ಸುಖ ಎಂಬ ಒಂದೇ ಪದದ ಕೆಳಗೆ ನಾವು ಎರಡು ಬೇರೆ ಸಂಗತಿಗಳನ್ನು ಬಚ್ಚಿಟ್ಟಿದ್ದೇವೆ ಎಂಬುದನ್ನು ಗಮನಿಸದಿದ್ದರೆ ಚರ್ಚೆ ಮುಂದೆ ಸಾಗುವುದಿಲ್ಲ. ಸಮೀಕ್ಷೆ ನಡೆಸುವವರು ಒಂದು ಏಣಿಯನ್ನು ಕಲ್ಪಿಸಿಕೊಳ್ಳಲು ಹೇಳುತ್ತಾರೆ: ತೀರ ಕೆಳಗೆ ಸೊನ್ನೆ, ತುದಿಯಲ್ಲಿ ಹತ್ತು, ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು ಹತ್ತನೆಯ ಮೆಟ್ಟಿಲಾದರೆ ನೀವೀಗ ಎಷ್ಟನೆಯ ಮೆಟ್ಟಿಲ ಮೇಲಿದ್ದೀರಿ? ಇದು ಬದುಕಿಗೆ ನೀವು ಕೊಡುವ ಅಂಕ. ಎರಡನೆಯ ಬಗೆಯ ಪ್ರಶ್ನೆ ಇನ್ನೂ ಸರಳ: ನಿನ್ನೆ ನಕ್ಕಿರಾ, ಚಿಂತೆ ಮಾಡಿದಿರಾ, ಸಿಟ್ಟು ಬಂದಿತ್ತೇ? ಇದು ದಿನ ಕಳೆದ ಬಗೆ. ಏಣಿಯ ಮೇಲೆ ಎಂಟನೆಯ ಮೆಟ್ಟಿಲಲ್ಲಿದ್ದೇನೆ ಎನ್ನುವವನ ನಿನ್ನೆಯ ದಿನ ಪೂರ್ತಿ ಸಿಡುಕಿನಲ್ಲೇ ಕಳೆದಿರಬಹುದು. ಅಂಥವರು ಅಪರೂಪವೇನಲ್ಲ.

ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಅಮೆರಿಕದ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪರಿಶೀಲಿಸಿ ಈ ಎರಡನ್ನೂ ಬೇರ್ಪಡಿಸಿದರು. ಆದಾಯ ಏರಿದಂತೆ ಏಣಿಯ ಮೇಲಿನ ಅಂಕ ಏರುತ್ತಲೇ ಹೋಯಿತು. ದಿನನಿತ್ಯದ ಮನಃಸ್ಥಿತಿ ಮಾತ್ರ ಕುಟುಂಬದ ವಾರ್ಷಿಕ ಆದಾಯ ಸುಮಾರು 75,000 ಡಾಲರ್ ಮುಟ್ಟಿದ ಮೇಲೆ ಸುಧಾರಿಸದೆ ನಿಂತಿತು. ಈ ಒಂದು ಅಂಕಿ ಪತ್ರಿಕೆಗಳ ಕೈಗೆ ಸಿಕ್ಕಿ, ಇಷ್ಟಾದರೆ ಸಾಕು ಎಂಬ ಮಂತ್ರದಂತೆ ಜಗತ್ತೆಲ್ಲ ಸುತ್ತಿತು. ಮುಂದೆ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬ ಸಂಶೋಧಕರು ಮೂವತ್ತಮೂರು ಸಾವಿರಕ್ಕೂ ಹೆಚ್ಚು ಉದ್ಯೋಗಸ್ಥರಿಗೆ ದಿನದ ಬೇರೆ ಬೇರೆ ಹೊತ್ತಿನಲ್ಲಿ ಮೊಬೈಲ್ ಮೂಲಕ ‘ಈಗ ಹೇಗನ್ನಿಸುತ್ತಿದೆ?’ ಎಂದು ಕೇಳುತ್ತಾ ಹದಿನೇಳು ಲಕ್ಷ ಉತ್ತರಗಳನ್ನು ಕೂಡಿಹಾಕಿದರು. 2021ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಆ ನಿಲುಗಡೆ ಎಲ್ಲಿಯೂ ಕಾಣಲಿಲ್ಲ. ವಿದ್ವಾಂಸರ ನಡುವೆ ಇಂಥ ಭಿನ್ನಾಭಿಪ್ರಾಯ ಬಂದಾಗ ಇಬ್ಬರೂ ತಮ್ಮ ತಮ್ಮ ಪಟ್ಟು ಹಿಡಿದು ಕೂರುವುದೇ ರೂಢಿ. ಇಲ್ಲಿ ಹಾಗಾಗಲಿಲ್ಲ. ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಬಾರ್ಬರಾ ಮೆಲ್ಲರ್ಸ್ ಅವರ ಮಧ್ಯಸ್ಥಿಕೆಯಲ್ಲಿ ಒಟ್ಟಿಗೆ ಕುಳಿತು 2023ರಲ್ಲಿ ಒಂದೇ ಲೇಖನ ಬರೆದರು. ಅವರು ಕಂಡುಕೊಂಡದ್ದು ಹೀಗೆ: ಬಹುಪಾಲು ಜನರಲ್ಲಿ ಆದಾಯದೊಂದಿಗೆ ಸಂತೋಷ ಏರುತ್ತಲೇ ಹೋಗುತ್ತದೆ, ಅತ್ಯಂತ ಅಸುಖಿಗಳಾದ ಸುಮಾರು ಐದನೆಯ ಒಂದು ಭಾಗದ ಜನರಲ್ಲಿ ಮಾತ್ರ ಅದು ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ವಿರಹ, ಮರಣ, ಖಿನ್ನತೆಗಳಂಥ ದುಃಖಗಳನ್ನು ಒಂದು ಮಿತಿಯ ಆಚೆಗೆ ಹಣ ತಗ್ಗಿಸಲಾರದು ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ಇಲ್ಲೊಂದು ಗಣಿತದ ಸೂಕ್ಷ್ಮವಿದೆ, ಅದು ನಿಮ್ಮ ಅನುಭವಕ್ಕೆ ನೇರವಾಗಿ ತಾಗುತ್ತದೆ. ಈ ಏರಿಕೆ ರೂಪಾಯಿಗೆ ಇಷ್ಟು ಎಂಬ ಲೆಕ್ಕದ್ದಲ್ಲ, ಇಮ್ಮಡಿಗೆ ಇಷ್ಟು ಎಂಬ ಲೆಕ್ಕದ್ದು. ಹತ್ತು ಇಪ್ಪತ್ತಾದಾಗ ಸಿಕ್ಕಷ್ಟೇ ಸುಖ ಮತ್ತೆ ಸಿಗಬೇಕಾದರೆ ಇಪ್ಪತ್ತು ನಲವತ್ತಾಗಬೇಕು, ಆಮೇಲೆ ನಲವತ್ತು ಎಂಬತ್ತಾಗಬೇಕು. ನಿಮ್ಮ ಆದಾಯ ಮೂರು ಪಟ್ಟಾಯಿತು ಎಂದರೆ, ಒಂದೊಂದು ಇಮ್ಮಡಿಯನ್ನು ಒಂದೊಂದು ಮೆಟ್ಟಿಲೆಂದು ಎಣಿಸಿದರೆ, ನೀವು ಒಂದೂವರೆ ಮೆಟ್ಟಿಲಿಗಿಂತ ತುಸು ಹೆಚ್ಚು ಹತ್ತಿದ್ದೀರಿ, ಅಷ್ಟೇ. ಆ ಮೆಟ್ಟಿಲುಗಳೂ ಎತ್ತರದವಲ್ಲ. ನೀವು ಪಟ್ಟ ಶ್ರಮಕ್ಕೆ ಹೋಲಿಸಿದರೆ ದೊರೆತದ್ದು ಅಲ್ಪವೆನಿಸುವುದು ಸಹಜ, ಆದರೆ ದೊರೆತೇ ಇಲ್ಲ ಎನ್ನುವಂತಿಲ್ಲ.

ಹಾಗಾದರೆ ಹಿಂದುಳಿದ ಭಾವನೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ಎರಡು ಹಳೆಯ ಉತ್ತರಗಳಿವೆ. ಮೊದಲನೆಯದು, ಮನುಷ್ಯ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾನೆ ಎನ್ನುವುದು. ಲಾಟರಿ ಗೆದ್ದವರು ಕೆಲವು ತಿಂಗಳಲ್ಲಿ ಮೊದಲಿನಂತೆಯೇ ಆಗುತ್ತಾರೆ ಎಂಬ ಕಥೆ ನೀವೂ ಕೇಳಿರಬಹುದು. ಅದರ ಮೂಲ 1978ರ ಒಂದು ಅಧ್ಯಯನ. ಅದರಲ್ಲಿದ್ದ ವಿಜೇತರು ಕೇವಲ 22 ಮಂದಿ. ಇಷ್ಟು ಸಣ್ಣ ಬುನಾದಿಯ ಮೇಲೆ ಇಷ್ಟು ದೊಡ್ಡ ಮಾತು ನಿಂತಿರುವುದು ನನಗೆ ಯಾವತ್ತೂ ಇರುಸುಮುರುಸು ತಂದಿದೆ. ಸ್ವೀಡನ್ನಿನ ಲಾಟರಿ ವಿಜೇತರನ್ನು ಬಹಳ ವರ್ಷಗಳ ಬಳಿಕ ಮಾತನಾಡಿಸಿ 2020ರಲ್ಲಿ ಪ್ರಕಟಿಸಿದ, ಇದಕ್ಕಿಂತ ಬಹಳ ದೊಡ್ಡದಾದ ಅಧ್ಯಯನದಲ್ಲಿ ಅವರ ಜೀವನತೃಪ್ತಿ ಹತ್ತು ವರ್ಷ ಕಳೆದ ಮೇಲೂ ಹೆಚ್ಚಾಗಿಯೇ ಉಳಿದಿತ್ತು, ದಿನನಿತ್ಯದ ಸಂತೋಷದ ಮೇಲಿನ ಪರಿಣಾಮ ಮಾತ್ರ ಕಡಿಮೆ. ಒಗ್ಗಿಕೊಳ್ಳುವುದು ನಿಜ, ಆದರೆ ಅದೊಂದೇ ನಿಮ್ಮ ಅನುಭವವನ್ನು ವಿವರಿಸಲಾರದು.

ಎರಡನೆಯ ಉತ್ತರ ಹೋಲಿಕೆ. ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಬಹಳ ಹಿಂದೆ ನಾನು ಪಾಠ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ವೇತನ ಹೆಚ್ಚಳದ ಪತ್ರ ಕೈಗೆ ಬಂದ ದಿನ ಮಧ್ಯಾಹ್ನದವರೆಗೂ ನಾನು ಸಂತೋಷವಾಗಿದ್ದೆ. ಮಧ್ಯಾಹ್ನ ಮುದ್ರಣಯಂತ್ರದ ತಟ್ಟೆಯಲ್ಲಿ ಯಾರೋ ಮರೆತು ಬಿಟ್ಟಿದ್ದ ಹಾಳೆಯಲ್ಲಿ, ನನಗಿಂತ ಎರಡು ವರ್ಷ ತಡವಾಗಿ ಸೇರಿದ ಸಹೋದ್ಯೋಗಿಯ ಸಂಬಳ ಕಣ್ಣಿಗೆ ಬಿತ್ತು. ಆ ಹಾಳೆಯನ್ನು ಮಗುಚಿ ಅಲ್ಲಿಯೇ ಇಟ್ಟು ಬಂದೆ, ಆದರೆ ಅಂಕಿ ನನ್ನೊಡನೆ ಮನೆಗೆ ಬಂತು. ನನ್ನ ಪತ್ರದಲ್ಲಿದ್ದ ಮೊತ್ತ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಸುಖ ಮತ್ತು ಆದಾಯದ ಸಂಬಂಧವನ್ನು ವಿದ್ಯಾರ್ಥಿಗಳಿಗೆ ವಿವರಿಸಿ ಹೊಟ್ಟೆ ಹೊರೆಯುವವನ ಗತಿಯೇ ಹೀಗಾದರೆ ಉಳಿದವರ ಪಾಡೇನು ಎಂದು ಆಮೇಲೆ ನಕ್ಕದ್ದುಂಟು. ಡೇವಿಡ್ ಕಾರ್ಡ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದಾಗ ಆ ಮುದ್ರಣಯಂತ್ರವೇ ಕಣ್ಮುಂದೆ ಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರಲ್ಲಿ ಕೆಲವರಿಗೆ ಮಾತ್ರ, ಎಲ್ಲರ ಸಂಬಳವನ್ನೂ ನೋಡಬಹುದಾದ ಜಾಲತಾಣವೊಂದಿದೆ ಎಂದು ಅವರು ತಿಳಿಸಿದರು. ತಮ್ಮ ವಿಭಾಗದ ನಡುಮಟ್ಟಕ್ಕಿಂತ ಕಡಿಮೆ ಸಂಬಳದವರ ಉದ್ಯೋಗತೃಪ್ತಿ ಕುಸಿಯಿತು. ಹೆಚ್ಚು ಸಂಬಳದವರ ತೃಪ್ತಿಯಾದರೂ ಏರಿತೇ ಎಂದರೆ, ಇಲ್ಲ.

ಇದನ್ನೇ ಇಡೀ ದೇಶದ ಮಟ್ಟದಲ್ಲಿ ನೋಡಬೇಕಾದರೆ ನಾರ್ವೆಗೆ ಹೋಗಬೇಕು. ಅಲ್ಲಿ ಪ್ರಜೆಗಳ ತೆರಿಗೆ ದಾಖಲೆಗಳು ಬಹಳ ಹಿಂದಿನಿಂದಲೂ ಸಾರ್ವಜನಿಕ, ಆದರೆ ನೋಡಬೇಕೆನ್ನುವವರು ಕಚೇರಿಗೆ ಹೋಗಿ ಕಡತ ತಿರುವಬೇಕಾಗಿತ್ತು. 2001ರಲ್ಲಿ ಪತ್ರಿಕೆಗಳು ಅವನ್ನು ಅಂತರ್ಜಾಲಕ್ಕೆ ಹಾಕಿದ್ದೇ ತಡ, ನೆರೆಯವನ, ಗೆಳೆಯನ, ಭಾವಮೈದುನನ ಆದಾಯ ನೋಡುವುದು ಮನೆಮಾತಾಯಿತು. ಸಾಮಾಜಿಕ ಜಾಲತಾಣದ ಗೆಳೆಯರನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸುವ ಆ್ಯಪ್‌ಗಳೂ ಹುಟ್ಟಿಕೊಂಡವು. ಈ ಬದಲಾವಣೆಯ ಬಳಿಕ ಉಳ್ಳವರ ಮತ್ತು ಇಲ್ಲದವರ ನಡುವಿನ ಸಂತೋಷದ ಅಂತರ ಶೇಕಡಾ 29ರಷ್ಟು ಹಿಗ್ಗಿತು ಎಂದು 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತು. ಯಾರ ಆದಾಯವೂ ಅದರಿಂದ ಬದಲಾಗಿರಲಿಲ್ಲ, ಕಾಣಿಸುವುದಷ್ಟೇ ಬದಲಾಗಿತ್ತು. 2014ರಲ್ಲಿ, ನಿಮ್ಮ ಆದಾಯವನ್ನು ಯಾರು ಹುಡುಕಿದರು ಎಂಬುದು ನಿಮಗೆ ತಿಳಿಯುವಂತೆ ಮಾಡಿದ ಕೂಡಲೇ ಹುಡುಕಾಟ ತೀರ ಇಳಿದುಹೋಯಿತು. ಜನ ಕದ್ದು ನೋಡಲು ಸಿದ್ಧರಿದ್ದರು, ನೋಡಿದ್ದು ಗೊತ್ತಾಗಲು ಸಿದ್ಧರಿರಲಿಲ್ಲ.

ಬಂಡವಾಳಶಾಹಿ ವ್ಯವಸ್ಥೆಯ ಮಾತು ಬರುವುದು ಇಲ್ಲಿಯೇ. ಹೋಲಿಕೆ ಅದು ಹುಟ್ಟುಹಾಕಿದ್ದಲ್ಲ, ಮನುಷ್ಯನಷ್ಟೇ ಹಳೆಯದು. ಆದರೆ ಹೋಲಿಕೆಯನ್ನು ಇಂಧನವಾಗಿ ಉರಿಸುವ ಯಂತ್ರ ಅದರದ್ದು. ಈ ಸಂಗತಿಯನ್ನು ಬಹಳ ಹಿಂದೆಯೇ ಬರೆದವನು ಮಾರುಕಟ್ಟೆಯ ವಿರೋಧಿಯಲ್ಲ, ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್. ಶ್ರೀಮಂತರ ಬದುಕನ್ನು ದೂರದಿಂದ ನೋಡಿ ಮರುಳಾಗಿ, ಜೀವನವಿಡೀ ದುಡಿದು, ಕೊನೆಗೆ ಅದರಲ್ಲಿ ಅಂಥದ್ದೇನೂ ಇಲ್ಲವೆಂದು ಕಂಡುಕೊಳ್ಳುವ ಬಡವನ ಮಗನೊಬ್ಬನ ಚಿತ್ರವನ್ನು ಅವನು 1759ರಲ್ಲಿಯೇ ಬಿಡಿಸಿದ್ದ; ಮನುಕುಲದ ಉದ್ಯಮಶೀಲತೆಯನ್ನು ಚಾಲನೆಯಲ್ಲಿಡುವುದು ಈ ಭ್ರಮೆಯೇ ಎಂದೂ ಸೇರಿಸಿದ್ದ. ನಮ್ಮ ದೂರದ ಬೆಟ್ಟ ನುಣ್ಣಗೆ ಎಂಬ ಮಾತಿಗೂ ಅವನ ಮಾತಿಗೂ ಇರುವ ಅಂತರ ಒಂದೇ: ಬೆಟ್ಟ ನುಣ್ಣಗೆ ಕಾಣುತ್ತಿರುವುದರಿಂದಲೇ ಸಮಾಜಕ್ಕೆ ಲಾಭ ಎಂದು ಅವನು ಭಾವಿಸಿದ್ದ. ಇನ್ನೂರು ವರ್ಷಗಳ ನಂತರ, 1958ರಲ್ಲಿ, ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೈತ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಂಪನ್ನ ಸಮಾಜದಲ್ಲಿ ಉತ್ಪಾದನೆಯು ಬಯಕೆಗಳನ್ನು ಪೂರೈಸುವುದಷ್ಟೇ ಅಲ್ಲ, ಜಾಹೀರಾತಿನ ಮೂಲಕ ಆ ಬಯಕೆಗಳನ್ನು ಮೊದಲು ತಾನೇ ಸೃಷ್ಟಿಸುತ್ತದೆ, ಹಾಗಿದ್ದ ಮೇಲೆ ಅವನ್ನು ಪೂರೈಸಿದ್ದರ ಹಿರಿಮೆ ಏನು ಎಂಬುದು ಅವರ ವಾದ. ಎಲ್ಲ ಬಯಕೆಗಳಿಗೂ ಇದು ಅನ್ವಯಿಸುತ್ತದೆ ಎಂದು ನಾನು ಒಪ್ಪಲಾರೆ. ಬಟ್ಟೆ ಒಗೆಯುವ ಯಂತ್ರವನ್ನು ಬಯಸಲು ಯಾವ ಹೆಣ್ಣಿಗೂ ಜಾಹೀರಾತು ಬೇಕಾಗಿರಲಿಲ್ಲ. ಆದರೆ ಚೆನ್ನಾಗಿಯೇ ನಡೆಯುತ್ತಿರುವ ಮೊಬೈಲು ವರ್ಷ ತುಂಬುವಷ್ಟರಲ್ಲಿ ಹಳೆಯದೆನಿಸುವುದಕ್ಕೆ ಬೇರೆ ವಿವರಣೆ ನನಗೆ ಸಿಕ್ಕಿಲ್ಲ. ಒಟ್ಟಾರೆ ಲೆಕ್ಕವೂ ಈ ದಿಕ್ಕಿಗೇ ಬೆರಳು ತೋರುತ್ತದೆ: ಯುರೋಪಿನ 27 ದೇಶಗಳ 1980ರಿಂದ 2011ರವರೆಗಿನ ಸಮೀಕ್ಷೆಗಳನ್ನು ಜೋಡಿಸಿ ನೋಡಿದಾಗ, ಜಾಹೀರಾತಿನ ಖರ್ಚು ಏರಿದ ದೇಶಗಳಲ್ಲಿ ಅದರ ಹಿಂದೆಯೇ ಜನರ ಜೀವನತೃಪ್ತಿ ಇಳಿದದ್ದು ಕಂಡಿತು. ಇದು ಕಾರಣದ ಪುರಾವೆಯಲ್ಲ, ಬಲವಾದ ಸುಳಿವು.

ಇನ್ನು ನಿಮ್ಮ ರಾತ್ರಿಯ ಮೊಬೈಲಿಗೆ ಬರೋಣ. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತನ್ನಂಥವರ ಜೊತೆ ಎಂದು ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಬರೆದರು. ರಾಜನ ಅರಮನೆ ನೋಡಿ ಒಕ್ಕಲಿನವನಿಗೆ ಹೊಟ್ಟೆಕಿಚ್ಚಾಗುತ್ತಿರಲಿಲ್ಲ, ಪಕ್ಕದ ಹೊಲದವನು ಹೊಸ ಮನೆ ಕಟ್ಟಿದರೆ ಆಗುತ್ತಿತ್ತು. ಹಳೆಯ ಮಾಧ್ಯಮಗಳು ಅರಮನೆಯನ್ನು ಅರಮನೆಯಾಗಿಯೇ ತೋರಿಸುತ್ತಿದ್ದವು. ಈಗಿನವು ಅರಮನೆಯನ್ನು ಪಕ್ಕದ ಮನೆಯಂತೆ ತೋರಿಸುತ್ತವೆ. ಅರ್ಧ ನಿಮಿಷದ ಒಂದು ವಿಡಿಯೊವನ್ನು ನೆನಪಿಸಿಕೊಳ್ಳಿ: ನಿಮ್ಮದೇ ವಯಸ್ಸಿನ ವ್ಯಕ್ತಿ, ಕೆದರಿದ ತಲೆ, ನಿದ್ದೆಗಣ್ಣು, ಕಿಟಕಿಯ ಪರದೆ ಸರಿಸಿದರೆ ಕೋಣೆ ತುಂಬಾ ಬೆಳಕು, ಆಚೆ ಸಮುದ್ರ. ಚಿತ್ರ ತುಸು ಅಲುಗುತ್ತದೆ, ನೀವೇ ಹಿಡಿದ ಕ್ಯಾಮೆರಾದಂತೆ. ಆ ಅಲುಗಾಟವೇ ಇವನು ನನ್ನಂಥವನು ಎಂದು ನಿಮ್ಮನ್ನು ನಂಬಿಸುವುದು. ಪರದೆ ಎಷ್ಟು ಸಲ ಸರಿಸಿದ ಮೇಲೆ ಈ ದೃಶ್ಯ ಸಿಕ್ಕಿತು, ಆ ಕೋಣೆಯ ಬಾಡಿಗೆ ಕಟ್ಟಿದವರು ಯಾರು, ಮೇಜಿನ ಮೇಲೆ ಹೆಸರು ಕಾಣುವಂತೆ ತಿರುಗಿಸಿಟ್ಟ ಬಾಟಲಿಗೆ ಎಷ್ಟು ಹಣ ಸಂದಿದೆ, ಇದಾವುದೂ ಚೌಕಟ್ಟಿನೊಳಗೆ ಇಲ್ಲ. ಅದರ ಕೆಳಗೆ ಬರುವ ಜಾಹೀರಾತಂತೂ ನೀವು ಪುಟ ತೆರೆದ ಕ್ಷಣದ ಒಂದು ಚೂರಿನಲ್ಲಿ ನಿಮ್ಮ ಗಮನವನ್ನು ಹರಾಜಿಗಿಟ್ಟು, ಹೆಚ್ಚು ಕೂಗಿದವರಿಗೆ ಕೊಟ್ಟ ಜಾಗ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಹಾಸಿಗೆಯ ಉದ್ದ ಅವರವರಿಗೆ ಗೊತ್ತಿರುತ್ತದೆ ಎಂದು ನಂಬಿದ್ದರು. ಇಲ್ಲಿ ರಾತ್ರಿಯಿಡೀ ಬೇರೆಯವರ ಹಾಸಿಗೆಯ ಅಳತೆಯನ್ನೇ ನಿಮ್ಮ ಕಣ್ಣ ಮುಂದೆ ಹಿಡಿಯಲಾಗುತ್ತದೆ.

ಮೊಬೈಲು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ನಾನು ಹೇಳಲಾರೆ. 2018ರಲ್ಲಿ ಅಮೆರಿಕದ ಕೆಲವು ಸಾವಿರ ಜನರನ್ನು ಒಳಗೊಂಡ ಪ್ರಯೋಗವೊಂದರಲ್ಲಿ ಒಂದು ಗುಂಪಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ಅವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು, ಮನಸ್ಸು ಹಗುರವಾದದ್ದೂ ನಿಜ, ಆದರೆ ಆ ಸುಧಾರಣೆ ಸಣ್ಣದು. ಕೀನ್ಯಾದ ಆ ಹಳ್ಳಿಗಳಲ್ಲಿಯೂ, ಹಣ ಸಿಗದ ನೆರೆಯವರ ಜೀವನತೃಪ್ತಿ ಸ್ವಲ್ಪ ಕಾಲ ಕುಸಿದದ್ದನ್ನು ಅದೇ ಸಂಶೋಧಕರು ದಾಖಲಿಸಿದ್ದಾರೆ. ಅದಕ್ಕೆ ಯಾವ ಸಾಮಾಜಿಕ ಜಾಲತಾಣವೂ ಬೇಕಾಗಲಿಲ್ಲ. ಅಸಮಾನತೆ ಹೊರಗೆ ನಿಜವಾಗಿಯೇ ಇರುವಾಗ ಪರದೆ ಆರಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ದೇಶಗಳು ಶ್ರೀಮಂತವಾದರೂ ಜನರ ಸುಖ ಏರುವುದಿಲ್ಲ ಎಂದು ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಹೂಡಿದ ವಾದವನ್ನು 2008ರಲ್ಲಿ ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಬಹುಮಟ್ಟಿಗೆ ಅಲ್ಲಗಳೆದರು, ನನ್ನ ಒಲವೂ ಅವರ ಕಡೆಗೇ. ಆದರೆ ದಶಕಗಳ ಕಾಲ ಬೆಳೆದರೂ ಸುಖ ಏರದ ದೇಶವಾಗಿ ಅಮೆರಿಕ ಅವರ ಲೆಕ್ಕದಲ್ಲಿಯೂ ಅಪವಾದವಾಗಿಯೇ ಉಳಿಯಿತು, ಮತ್ತು ಆ ದಶಕಗಳಲ್ಲಿ ಅಲ್ಲಿ ಬೆಳವಣಿಗೆಯ ಫಲ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ಹೀಗಿರುವಾಗ ‘ಇರುವುದರಲ್ಲಿ ತೃಪ್ತಿಪಡು’ ಎಂಬ ಉಪದೇಶ, ಅದು ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದಿರಲಿ, ಸಮಾಜದ ಬಾಬ್ತನ್ನು ವ್ಯಕ್ತಿಯ ಖಾತೆಗೆ ಬರೆಯುತ್ತದೆ.

ಕೊನೆಯದಾಗಿ ನಿಮ್ಮ ಹೊಸ ಕೆಲಸ. ಸಾರಾ ಸೋಲ್ನಿಕ್ ಮತ್ತು ಡೇವಿಡ್ ಹೆಮೆನ್‌ವೇ 1998ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಎರಡು ಲೋಕಗಳನ್ನು ಮುಂದಿಟ್ಟಿದ್ದರು. ಒಂದರಲ್ಲಿ ನಿಮಗೆ 50,000 ಡಾಲರ್, ಉಳಿದವರಿಗೆ 25,000. ಇನ್ನೊಂದರಲ್ಲಿ ನಿಮಗೆ ಒಂದು ಲಕ್ಷ, ಉಳಿದವರಿಗೆ ಎರಡು ಲಕ್ಷ. ಸುಮಾರು ಅರ್ಧದಷ್ಟು ಮಂದಿ ಮೊದಲನೆಯದನ್ನು, ಅಂದರೆ ಅರ್ಧ ಸಂಬಳವನ್ನು ಆರಿಸಿದರು. ಆದರೆ ಅದೇ ಪ್ರಶ್ನೆಯನ್ನು ರಜಾದಿನಗಳ ಬಗ್ಗೆ ಕೇಳಿದಾಗ ಹೆಚ್ಚಿನವರು ಉಳಿದವರಿಗೆ ಎಷ್ಟಾದರೂ ಇರಲಿ, ನನಗೆ ಹೆಚ್ಚು ರಜೆ ಬೇಕು ಎಂದರು. ಹಣ ಕೊಡುವ ಸುಖದಲ್ಲಿ ಒಂದು ಭಾಗ ನೆರೆಯವನ ಏರಿಕೆಯೊಂದಿಗೆ ಕರಗುತ್ತದೆ. ಬಿಡುವಿನ ಸುಖ ಅಷ್ಟು ಸುಲಭವಾಗಿ ಕರಗುವುದಿಲ್ಲ. ನಿಮ್ಮ ಮುಂದಿರುವ ಕೆಲಸ ಎರಡನೆಯದನ್ನು ತೆತ್ತು ಮೊದಲನೆಯದನ್ನು ಕೊಳ್ಳುವಂಥದ್ದು. ವರ್ಷಕ್ಕೆ 240 ಕೆಲಸದ ದಿನಗಳೆಂದು ಹಿಡಿದರೆ ದಿನಕ್ಕೆ ಎರಡು ಗಂಟೆಯಂತೆ 480 ಗಂಟೆ, ಎಂದರೆ ಎಂಟು ಗಂಟೆಯ 60 ದಿನಗಳು. ಪ್ರಯಾಣವಾದರೋ ಒಗ್ಗಿಕೊಳ್ಳಲು ಕಷ್ಟವಾದ ಸಂಗತಿಗಳಲ್ಲಿ ಒಂದು. ಜರ್ಮನಿಯ ಮಾಹಿತಿಯನ್ನು ಪರಿಶೀಲಿಸಿ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ 2008ರಲ್ಲಿ ತೋರಿಸಿದಂತೆ, ಕೆಲಸಕ್ಕೆ ದೂರ ಪ್ರಯಾಣಿಸುವವರ ಜೀವನತೃಪ್ತಿ ಕಡಿಮೆ. ಸಂಬಳವಾಗಲಿ ಒಳ್ಳೆಯ ಮನೆಯಾಗಲಿ ಅದನ್ನು ಪೂರ್ತಿಯಾಗಿ ತುಂಬಿಕೊಡುವುದಿಲ್ಲ.

ಆದರೂ ಬೇಡವೆಂದುಬಿಡಿ ಎಂದು ನಾನು ಹೇಳದಿರಲು ಕಾರಣ, ನೀವು ಒಂದು ಸಂಗತಿಯನ್ನು ಬರೆದಿಲ್ಲ: ಆ ಹೆಚ್ಚಿನ ಹಣ ಯಾವುದಕ್ಕೆ? ರಾತ್ರಿ ನಿದ್ದೆ ಕೆಡಿಸುವ ಸಾಲವಿದ್ದರೆ, ಮನೆಯಲ್ಲಿ ಮುಂದೂಡುತ್ತಾ ಬಂದ ಚಿಕಿತ್ಸೆಯೊಂದಿದ್ದರೆ, ಆ ಹಣ ನೇರವಾಗಿ ದುಃಖವನ್ನು ಕಡಿಮೆ ಮಾಡುತ್ತದೆ. ಆಗ ಎರಡೋ ಮೂರೋ ವರ್ಷದ ಗಡುವನ್ನು ನೀವೇ ಹಾಕಿಕೊಂಡು ಒಪ್ಪಿಕೊಳ್ಳಿ. ಅಂಥದ್ದೇನೂ ಇಲ್ಲದೆ, ಇನ್ನೂ ದೊಡ್ಡ ವಾಹನಕ್ಕೆಂದೋ ಮೊಬೈಲಿನಲ್ಲಿ ಕಂಡವರ ಸರಿಸಮ ನಿಲ್ಲುವುದಕ್ಕೆಂದೋ ಆಗಿದ್ದರೆ, ಆ ವಾಹನದಲ್ಲಿ ನೀವು ಕಳೆಯಲಿರುವ ಸಮಯವೂ ಆ 480 ಗಂಟೆಗಳೇ. ಒಪ್ಪಿಗೆ ಕೊಡುವ ಮೊದಲು ವಾರಕ್ಕೆ ಎರಡು ದಿನವಾದರೂ ಮನೆಯಿಂದ ಕೆಲಸ ಮಾಡಲು ಬಿಡುವರೇ ಎಂದು ಕೇಳಿ ನೋಡಿ. ಅದಕ್ಕಾಗಿ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗಿ ಬಂದರೂ ಚೌಕಾಸಿಗೆ ಹಿಂಜರಿಯಬೇಡಿ.